ಹುಣಸೆಮರದ ಸ್ಟಾಪು

ಮಾಳಪ್ಪನಿಗೆ ಜನರ ಮುಖಕ್ಕಿಂತ ಅವರ ಕಾಲಿನ ಪರಿಚಯ ಹೆಚ್ಚು. ಹದಿನೆಂಟನೆಯ ವಯಸ್ಸಿಗೆ ಹಿರೇಕೆರೂರು-ಹಾನಗಲ್ಲ ನಡುವೆ ಓಡುತ್ತಿದ್ದ ಖಾಸಗಿ ಟೆಂಪೋಕ್ಕೆ ಕ್ಲೀನರ್ ಆಗಿ ಸೇರಿದವನು ಇಪ್ಪತ್ತು ವರ್ಷ ಅದರ ಬಾಗಿಲಿಗೆ ಜೋತುಬಿದ್ದೇ ಕಳೆದ. ಸೀಟು ತುಂಬಿ, ನಡುವಿನ ಜಾಗ ತುಂಬಿ, ಕೊನೆಗೆ ಅವನ ಪಾಲಿಗೆ ಉಳಿಯುತ್ತಿದ್ದುದು ಮೆಟ್ಟಿಲು. ಅಲ್ಲಿ ಬಗ್ಗಿ ನಿಂತವನ ಕಣ್ಣಿಗೆ ಮೊದಲು ಬೀಳುವುದು ಹತ್ತುವವರ ಕಾಲು. ಹೆಜ್ಜೆ ಇಡುವ ರೀತಿ ನೋಡಿಯೇ ಈಕೆ ಬಸುರಿ, ಈತ ಬೆಳಗಿನಿಂದ ಏನೂ ತಿಂದಿಲ್ಲ, ಈಕೆಗೆ ನಿನ್ನೆ ಮನೆಯಲ್ಲಿ ಏಟು ಬಿದ್ದಿದೆ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ತಿಳಿದದ್ದನ್ನು ಬಾಯಿಬಿಟ್ಟು ಹೇಳಿದವನಲ್ಲ. ಇನ್ನೊಬ್ಬರ ಮನೆಯ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವನೇ ಗಂಡಸು ಎಂದು ಅವನು ನಂಬಿದ್ದ, ಊರೂ ಅವನನ್ನು ಅದಕ್ಕೇ ಮೆಚ್ಚಿತ್ತು. ಊರು ಮೆಚ್ಚಿದ ಆ ಗುಣವೇ ಅವನ ಕೊರಳಿಗೆ ಉರುಲಾದ ಸಂಗತಿ ಇದು.

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯಲ್ಲಿ ಬಟ್ಟೆ ಹೊಲಿಯುವ ಫ್ಯಾಕ್ಟರಿ ಎದ್ದ ವರ್ಷ ಟೆಂಪೋ ಗುಜರಿಗೆ ಹೋಯಿತು, ಮಾಳಪ್ಪ ಫ್ಯಾಕ್ಟರಿಗೆ ಹೋದ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆಯಿಂದ ಹೆಣ್ಣುಮಕ್ಕಳನ್ನು ಬೆಳಿಗ್ಗೆ ತಂದು ಸಂಜೆ ಬಿಡುವ ಆರು ಬಸ್ಸುಗಳ ಉಸ್ತುವಾರಿ ಅವನದಾಯಿತು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನೆಲ್ಲ ಅವನೇ ಗೊತ್ತುಮಾಡಿದ. ಶಿಗ್ಗಾಂವದ ಬಸ್ಸು ಹೆದ್ದಾರಿಯ ಸೇತುವೆ ದಾಟುವ ಮೊದಲೇ ನಿಲ್ಲುತ್ತಿತ್ತು, ಏಕೆಂದರೆ ಸೇತುವೆಯ ಕೆಳಗೆ ಲಾರಿಯವರು ಹುಡುಗಿಯರನ್ನು ಕಾಡುತ್ತಿದ್ದರು. ಸವಣೂರಿನ ಬಸ್ಸು ವೀಳ್ಯದೆಲೆ ಪೇಟೆಯ ಮೂಲೆಯಲ್ಲಿ ಎರಡು ನಿಮಿಷ ಹೆಚ್ಚು ಕಾಯುತ್ತಿತ್ತು. ಅಲ್ಲಿ ಹತ್ತುವ ಒಬ್ಬಾಕೆ ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ ಓಡಿ ಬರಬೇಕಿತ್ತು. ಇಂಥ ನಲವತ್ತೊಂದು ಸ್ಟಾಪು. ಒಂದೂ ಕಾಗದದ ಮೇಲೆ ಇರಲಿಲ್ಲ, ಎಲ್ಲ ಮಾಳಪ್ಪನ ತಲೆಯಲ್ಲಿ.

ಅವುಗಳಲ್ಲಿ ಒಂದು ಹುಣಸೆಮರದ ಸ್ಟಾಪು. ಹಿರೇಕೆರೂರು ಕಡೆಯಿಂದ ಬರುವಾಗ ತಿಳವಳ್ಳಿಗೆ ಸ್ವಲ್ಪ ಮೊದಲು ಹೊಂಡದಕೊಪ್ಪ ಎಂಬ ಸಣ್ಣ ಊರು. ಊರಿನ ಹೊರಗೆ ರಸ್ತೆಗೆ ಹತ್ತಿಕೊಂಡು ಒಂದು ಹುಣಸೆಮರ, ಮರದ ಕೆಳಗೆ ಯಂಕವ್ವನ ಮನೆ. ಅಲ್ಲಿಂದ ರಸ್ತೆ ಕೆರೆಯ ಏರಿಯ ಮೇಲೆ ಹಾದು ಒಂದು ಕಿಲೋಮೀಟರಿನಾಚೆ ಕ್ರಾಸ್ ಸೇರುತ್ತದೆ. ಕ್ರಾಸಿನಲ್ಲಿ ಒಂಬತ್ತು ಜನ ಹತ್ತುತ್ತಿದ್ದರು. ಹುಣಸೆಮರದ ಕೆಳಗೆ ಒಬ್ಬಳೇ, ಯಂಕವ್ವನ ದೊಡ್ಡ ಮಗಳು ರಾಜಶ್ರೀ.

ರಾಜಶ್ರೀ ಕೆಲಸಕ್ಕೆ ಸೇರಿದ ದಿನ ಕ್ರಾಸಿನಲ್ಲೇ ಹತ್ತಿದ್ದಳು. ಮೆಟ್ಟಿಲ ಮೇಲೆ ಅವಳ ಬಲಗಾಲು ಬಿದ್ದಾಗ, ದಿನಾ ಆ ಬಸ್ಸಿನಲ್ಲೇ ಬರುತ್ತಿದ್ದ ಮಾಳಪ್ಪ ಕಂಡ. ಹಿಮ್ಮಡಿಯ ಮೇಲೆ, ಗೆಜ್ಜೆ ಕೂರುವ ಜಾಗದಲ್ಲಿ, ಎರಡು ಗೆರೆ ಅಡ್ಡಡ್ಡ ಎಳೆದ ಹಳೆಯ ಬರೆ. ಫಿಟ್ಸ್ ಬರುವ ಮಕ್ಕಳಿಗೆ ಆ ಕಡೆಯ ಹಿರಿಯರು ಕಬ್ಬಿಣ ಕಾಸಿ ಹಾಕಿಸುವ ಬರೆ ಅದು. ಬರೆಯಿಂದ ಯಾರ ಫಿಟ್ಸೂ ನಿಂತದ್ದಿಲ್ಲ, ಬರೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಮಾಳಪ್ಪ ಸಂಜೆ ಯಂಕವ್ವನ ಮನೆಯ ಮುಂದೆ ಇಳಿದ.

ಯಂಕವ್ವ ಮೊದಲು, "ಆಕಿಗೆ ಏನೂ ಇಲ್ಲೋ ಯಣ್ಣಾ" ಎಂದಳು. ಮಾಳಪ್ಪ ಬಗ್ಗಿ ತನ್ನ ಹಿಮ್ಮಡಿಯ ಮೇಲೆ ಬೆರಳಿಟ್ಟು ತೋರಿಸಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗುಳಿಗಿ ತಗೊಂಡ್ರ ತಿಂಗಳಾನಗಟ್ಲೆ ಬರೂದಿಲ್ಲ. ಬಂದ್ರ ಮುಂಜಾನೆ ಎದ್ದ ಹೊತ್ತಿನ್ಯಾಗ ಬರ್ತಾವು. ಗಂಡ ನೋಡಾಕತ್ತೇವಿ, ಫ್ಯಾಕ್ಟರ್ಯಾಗ ಗೊತ್ತಾದ್ರ ಮಷಿನ್ ಮುಂದ ಕುಂದ್ರಸೂದಿಲ್ಲ, ಊರಾಗ ಗೊತ್ತಾದ್ರ ಯಾರೂ ಮಾಡ್ಕೊಳ್ಳೂದಿಲ್ಲ. ಯಾರ ಮುಂದನೂ ಹೇಳಬ್ಯಾಡಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ."

"ಕಾಲಿಗೆ ಬೀಳೂದು ಬ್ಯಾಡ ತಂಗಿ. ನಾಳಿಂದ ಬಸ್ಸು ನಿಮ್ಮ ಮನಿ ಮುಂದ ನಿಂದರತೈತಿ. ಏರಿ ಮ್ಯಾಲೆ ಒಬ್ಬಾಕಿನ್ನ ಕಳಸಬ್ಯಾಡ."

ಬಸ್ಸಿನ ಡ್ರೈವರ್ ಖಾದರಸಾಬ, ಟೆಂಪೋ ಕಾಲದಿಂದ ಮಾಳಪ್ಪನ ಜೊತೆಗಾರ. ಅವನಿಗೆ ಮಾತ್ರ ಗೊತ್ತಾಯಿತು. ಎರಡು ವರ್ಷ ಬಸ್ಸು ಹುಣಸೆಮರದ ಕೆಳಗೆ ನಿಂತಿತು. ಎರಡು ವರ್ಷದಲ್ಲಿ ರಾಜಶ್ರೀ ಕಾಲರ್ ಹೊಲಿಯುವವರಲ್ಲಿ ಎಲ್ಲರಿಗಿಂತ ಚುರುಕು ಎನಿಸಿಕೊಂಡಳು, ಮುಂದಿನ ಸೀಟಿನಲ್ಲಿ ಕೂತು "ಕಾಕಾ, ನಿಮ್ಮ ಅಂಗಿ ಕಾಲರ್ ನೋಡ್ರಿ, ನಾಯಿ ಕಿವಿ ಆಗೇತಿ" ಎಂದು ಮಾಳಪ್ಪನನ್ನು ಗೇಲಿ ಮಾಡುವಷ್ಟು ಸಲಿಗೆ ಬೆಳೆಸಿಕೊಂಡಳು. ಮಕ್ಕಳಿಲ್ಲದ ಮಾಳಪ್ಪನಿಗೆ ಅದು ಇಷ್ಟವಾಗುತ್ತಿತ್ತು.

ಆಮೇಲೆ ಫ್ಯಾಕ್ಟರಿಯವರು ಎಲ್ಲವನ್ನೂ ಹೊಸ ವ್ಯವಸ್ಥೆಗೆ ಒಳಪಡಿಸಲು ಹೊರಟರು. ನೂಲು ಬರುವಲ್ಲಿಂದ ಅಂಗಿ ಹೋಗುವ ತನಕ ಪ್ರತಿ ಕೆಲಸವೂ ಕಂಪ್ಯೂಟರಿನಲ್ಲಿ ಕಾಣಬೇಕು, ಬಸ್ಸೂ ಕಾಣಬೇಕು. ಅದನ್ನು ರೂಪಿಸಿಕೊಡಲು ಹುಬ್ಬಳ್ಳಿಯಿಂದ ಮಹೆಕ ಎಂಬ ಹುಡುಗಿ ಬಂದಳು. ಸವಣೂರಿನವಳು, ಮೂವತ್ತರ ಒಳಗಿನ ವಯಸ್ಸು. ಇಂಥವರು ಬಂದರೆ ಆಫೀಸಿನ ಫ್ಯಾನಿನ ಕೆಳಗೆ ಕೂತು ಎರಡು ದಿನದಲ್ಲಿ ನಕ್ಷೆ ಗೀಚಿ ಹೋಗುತ್ತಾರೆ ಎಂದು ಮಾಳಪ್ಪ ತಿಳಿದಿದ್ದ. ಈಕೆ ಹಾಗೆ ಮಾಡಲಿಲ್ಲ. ಎಂಟು ದಿನ ಎಲ್ಲ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಜೊತೆ ಜೋತಾಡಿಕೊಂಡು ಬಂದಳು.

"ಕಾಕಾ, ಬಸ್ಸು ಎಲ್ಲೆಲ್ಲಿ ನಿಂದರತೈತಿ ಅನ್ನೂದನ್ನ ಮಷಿನ್ನೂ ಹೇಳತೈತಿ. ಯಾಕ ನಿಂದರತೈತಿ ಅನ್ನೂದನ್ನ ನೀವ ಹೇಳಬೇಕು" ಎಂದಳು. "ನಮ್ಮ ಅಮ್ಮೀನೂ ಹೊಲಿಗಿ ಕೆಲಸಕ್ಕ ಹೋಗತಿದ್ಲು. ಬಸ್ಸು ತಪ್ಪಿದ ದಿನ ಅಡಗಿಮನ್ಯಾಗ ಕುಂತು ಅಳತಿದ್ಲು. ಆ ಬಸ್ಸಿನ ಟೈಮ್ ಯಾರು ಮಾಡಿದ್ರೋ, ಅವರು ನಮ್ಮ ಅಮ್ಮೀನ ಒಂದು ಮಾತು ಕೇಳಿದ್ದಿಲ್ಲ. ನಾ ಹಂಗ ಮಾಡೂದಿಲ್ರಿ."

ಮಾಳಪ್ಪ ಕರಗಿದ. ಒಂದೊಂದೇ ಸ್ಟಾಪಿನ ಕಥೆ ಹೇಳಿದ, ಅವಳು ಒಂದೊಂದಕ್ಕೂ ಕಾರಣ ಬರೆದುಕೊಂಡಳು. ಸೇತುವೆಯ ಲಾರಿಯವರನ್ನು ಬರೆದಳು, ಸವಣೂರಿನ ಅತ್ತೆಯ ಗಂಜಿಯನ್ನೂ ಬರೆದಳು. ಅರ್ಧಕ್ಕಿಂತ ಹೆಚ್ಚು ಸ್ಟಾಪು ತೆಗೆಯಿರಿ ಎಂದ ಮ್ಯಾನೇಜರನೊಡನೆ ಅವನ ಕಣ್ಣೆದುರೇ ಜಗಳವಾಡಿದಳು. ತನ್ನ ಇಡೀ ಬಾಳಿನಲ್ಲಿ ತಾನು ಕಲಿತದ್ದನ್ನು ಒಬ್ಬರು ಕೂತು ಕೇಳಿದ್ದು ಇದೇ ಮೊದಲು ಎಂದು ಮಾಳಪ್ಪನಿಗೆ ಅನಿಸಿ, ಮನೆಗೆ ಹೋಗಿ ಹೆಂಡತಿಯ ಮುಂದೆಯೂ ಹೇಳಿಕೊಂಡ.

ಆರನೆಯ ದಿನ ಬಸ್ಸು ಹುಣಸೆಮರದ ಕೆಳಗೆ ನಿಂತಿತು. ರಾಜಶ್ರೀ ಹತ್ತಿ ಹಿಂದೆ ಗೆಳತಿಯರ ಕಡೆ ಹೋದಳು.

ಮಹೆಕ ಕೇಳಿದಳು. "ಇಲ್ಲಿ ಒಬ್ಬಾಕಿನ ಹತ್ತತಾಳ. ಮುಂದ ಒಂದು ಕಿಲೋಮೀಟರಿಗೆ ಕ್ರಾಸ್ ಐತಿ, ಸಪಾಟ ರಸ್ತೆ. ಇಲ್ಲಿ ಯಾಕ ಕಾಕಾ?"

ಯಂಕವ್ವ ಸೆರಗು ಬಾಯಿಗೊತ್ತಿ ನಿಂತದ್ದು ಮಾಳಪ್ಪನ ಕಣ್ಣ ಮುಂದೆ ಬಂತು. ಬೆಳೆದ ಹುಡುಗಿಯ ರೋಗದ ಮಾತನ್ನು ಪರವೂರಿನ ಹುಡುಗಿಯ ಮುಂದೆ ಆಡುವುದು, ಅವಳು ಅದನ್ನು ಯಂತ್ರಕ್ಕೆ ಬರೆಯುವುದು, ಅದನ್ನು ಮ್ಯಾನೇಜರು ಓದುವುದು. ಅವನು ಖಾದರಸಾಬನ ಕಡೆ ನೋಡಿದ.

ಖಾದರಸಾಬ ಸ್ಟೇರಿಂಗಿನ ಮೇಲಿಂದಲೇ ನಕ್ಕ. "ಅದು ನನ್ನ ಸಲುವಾಗಿ ಬೇಟಾ. ನನಗ ಸಕ್ರಿ ಐತಿ. ಹಿರೇಕೆರೂರಿಂದ ಇಲ್ಲಿಗೆ ಬರೂದ್ರಾಗ ತಡಕೊಳ್ಳಾಕ ಆಗೂದಿಲ್ಲ. ಆ ಮರದ ಹಿಂದ ಹೋಗಿ ಬರ್ತೇನಿ. ನಾ ನಿಂದರಸ್ತೇನಿ ಅಂತ ಆ ಹುಡಿಗಿ ಇಲ್ಲೇ ಹತ್ತತಾಳ."

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಜ. ಗಂಡಸಿನ ಸಕ್ಕರೆ ಕಾಯಿಲೆಯನ್ನು ಚಹಾದಂಗಡಿಯಲ್ಲಿ ಕೂಗಿ ಹೇಳಬಹುದು, ಯಾರ ಮದುವೆಯೂ ಮುರಿಯುವುದಿಲ್ಲ.

"ಹೌದೇನ್ರಿ ಕಾಕಾ?" ಮಹೆಕ ಮಾಳಪ್ಪನತ್ತ ತಿರುಗಿದಳು.

"ಹೌದ್ರಿ. ಅಷ್ಟ" ಎಂದ ಮಾಳಪ್ಪ. ಅವಳು ಬರೆದುಕೊಂಡಳು.

ಕ್ಯಾಂಟೀನಿನಲ್ಲಿ ಅವಳು ಹೆಣ್ಣುಮಕ್ಕಳಿಗೂ ಒಂದೊಂದು ಕಾಗದ ಕೊಟ್ಟಿದ್ದಳು, ಹೋಗಿಬರಲು ನಿಮಗೇನಾದರೂ ತೊಂದರೆ ಇದೆಯೇ ಎಂದು. ರಾಜಶ್ರೀ ಅದರಲ್ಲಿ 'ಇಲ್ಲ' ಎಂಬಲ್ಲಿ ಗೀಟು ಹಾಕಿದಳು.

ಹೊಸ ವ್ಯವಸ್ಥೆ ಬಂದಾಗ ಸ್ಟಾಪುಗಳು ಇಪ್ಪತ್ತೊಂಬತ್ತು ಉಳಿದವು. ಸೇತುವೆಯದು ಉಳಿಯಿತು, ಗಂಜಿಯದೂ ಉಳಿಯಿತು. ಹುಣಸೆಮರದ್ದು ಹೋಯಿತು. ಮಹೆಕ ಸಂತೋಷದಿಂದಲೇ ಬಂದು ಖಾದರಸಾಬನಿಗೆ ಹೇಳಿದಳು, ತಿಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ಬಸ್ಸು ನಿಲ್ಲುತ್ತದೆ, ಅಲ್ಲಿ ಶೌಚಾಲಯವಿದೆ, ಇನ್ನು ಮರದ ಹಿಂದೆ ಹೋಗುವುದು ಬೇಡ ಎಂದು. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಟ್ಯಾಬು ಕೂರಿಸಿದರು. ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಬಾಗಿಲು ತೆರೆದರೆ ಅದು ಕೂಗುತ್ತಿತ್ತು, ಕಾರಣ ಕೇಳುತ್ತಿತ್ತು. ರಸ್ತೆ ತಡೆ, ಪಂಕ್ಚರ್, ಪೊಲೀಸ್ ತಪಾಸಣೆ ಎಂಬ ಕಾರಣಗಳ ಕೆಳಗೆ ಇನ್ನೊಂದಿತ್ತು: ಚಾಲಕರ ಆರೋಗ್ಯ.

"ಇದನ್ನ ನಿಮ್ಮ ಸಲುವಾಗಿನ ಹಾಕೇನ್ರಿ ಚಾಚಾ" ಎಂದಳು ಮಹೆಕ. "ಅರ್ಜಂಟ್ ಆದ್ರ ಒತ್ರಿ, ಯಾರೂ ಬೈಯೂದಿಲ್ಲ. ಆದ್ರ ತಿಂಗಳದಾಗ ಮೂರು ಸಲ ಆತಂದ್ರ ಡಾಕ್ಟರು ನಿಮ್ಮನ್ನ ನೋಡತಾರ. ಗಾಡಿ ಓಡ್ಸಾಕ ಆಗೂದಿಲ್ಲ ಅಂತ ಅವರು ಬರದ್ರ ನಿಲ್ಲಸಬೇಕಾಗತೈತಿ. ಅರವತ್ತು ಮಂದಿ ಜೀವ ಇರತಾವಲ್ರಿ ನಿಮ್ಮ ಕೈಯಾಗ."

ಅದೂ ಸರಿಯೇ. ಅವಳ ಒಂದು ಮಾತನ್ನೂ ತಪ್ಪೆನ್ನಲು ಬರುತ್ತಿರಲಿಲ್ಲ.

ಮೊದಲ ದಿನ ಬಸ್ಸು ಹುಣಸೆಮರ ದಾಟುವಾಗ ಖಾದರಸಾಬ ಗೇರು ಇಳಿಸಿ, "ಒತ್ತಲೇನು?" ಎಂದು ಕೇಳಿದ. ಮಾಳಪ್ಪ ಬೇಡವೆಂದ. ಖಾದರಸಾಬನಿಗೆ ಮದುವೆಯಾಗದ ಮಗಳೊಬ್ಬಳು ಮನೆಯಲ್ಲಿದ್ದಳು, ಡ್ರೈವರ್ ಕೆಲಸ ಬಿಟ್ಟರೆ ಅವನಿಗೆ ಬೇರೆ ಗೊತ್ತಿರಲಿಲ್ಲ. ಯಂಕವ್ವ ತಾನೇ ಪ್ರತಿದಿನ ಮಗಳ ಕೈ ಹಿಡಿದು ಏರಿ ದಾಟಿಸಿ ಕ್ರಾಸಿಗೆ ತಂದು ಬಿಡತೊಡಗಿದಳು. ಸಂಜೆ ಮತ್ತೆ ಬಂದು ನಿಲ್ಲುತ್ತಿದ್ದಳು. ದಿನಾ ಬೆಳಿಗ್ಗೆ ಅವರಿಬ್ಬರನ್ನು ಕ್ರಾಸಿನಲ್ಲಿ ಕಂಡಾಗ ಮಾಳಪ್ಪನ ಎದೆ ಹಗುರಾಗುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆಯಿತು. ಮಹೆಕಳ ನಂಬರು ಅವನ ಫೋನಿನಲ್ಲಿತ್ತು. ಎಷ್ಟೋ ಸಲ ತೆಗೆದು ನೋಡಿ ಒಳಗಿಟ್ಟ.

ಕಾರ್ತಿಕದ ಒಂದು ದಿನ ಯಂಕವ್ವ ಶಿಗ್ಗಾಂವಕ್ಕೆ ಅಣ್ಣನ ಮನೆಗೆ ಹೋದಳು. ರಾಜಶ್ರೀಯ ಮದುವೆಯ ಮಾತು, ಗಂಡಿನ ಕಡೆಯವರು ಒಪ್ಪುವ ಹಾಗೆ ಇದ್ದರು. ಆ ದಿನ ತಿರುಗಿ ಬರಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಹೊರಟ ತಂಗಿ ಸುಜಾತಾಳನ್ನು ರಾಜಶ್ರೀಯೇ ತಡೆದಳು. "ನಿಂದು ಪರೀಕ್ಷಾ ಐತಿ, ಓದ್ಕೊ. ಒಂದಿನಕ್ಕ ಏನಾಕೈತಿ?"

ಆ ಬೆಳಿಗ್ಗೆ ಕೆರೆಯ ಮೇಲೆ ಮಂಜಿತ್ತು. ಬಸ್ಸು ಹುಣಸೆಮರ ದಾಟಿತು, ಏರಿ ದಾಟಿತು, ಕ್ರಾಸಿನಲ್ಲಿ ನಿಂತಿತು. ಒಂಬತ್ತು ಜನ ಹತ್ತಿದರು. ರಾಜಶ್ರೀ ಇರಲಿಲ್ಲ, ಯಂಕವ್ವನೂ ಇರಲಿಲ್ಲ. ಮೈಗೆ ಸರಿಯಿಲ್ಲವೇನೋ, ತಾಯಿ ಮನೆಯಲ್ಲೇ ಉಳಿಸಿಕೊಂಡಳು ಎಂದು ಮಾಳಪ್ಪ ಎಣಿಸಿದ. ಟ್ಯಾಬಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಚುಕ್ಕಿ ಮಿನುಗುತ್ತಿತ್ತು. ಅವನೇ ಬೆರಳು ಚಾಚಿ 'ಗೈರು' ಒತ್ತಿದ.

ಒಂಬತ್ತೂವರೆಗೆ ಫೋನು ಬಂತು. ಎಮ್ಮೆ ಹೊಡೆದುಕೊಂಡು ಹೊರಟವರು ಏರಿಯ ಕೆಳಗೆ ಬುತ್ತಿಯ ಚೀಲ ಕಂಡು ಇಳಿದು ನೋಡಿದ್ದರು. ಅವಳು ಬೋರಲು ಬಿದ್ದಿದ್ದಳು. ಆ ಜಾಗದಲ್ಲಿ ನೀರು ಪಾದ ಮುಳುಗುವಷ್ಟು ಮಾತ್ರ ಇತ್ತು. ಬಸ್ಸು ಅವಳ ತಲೆಯ ಮೇಲೆಯೇ, ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ ಹಾದುಹೋಗಿತ್ತು. ಆಗ ಅವಳಿಗೆ ಜೀವವಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಮಾಳಪ್ಪ ಆ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ಒಂದು ದಿನವೂ ಬಿಟ್ಟಿಲ್ಲ.

ಪೊಲೀಸರು ಕಾಲು ಜಾರಿ ಬಿದ್ದದ್ದೆಂದು ಬರೆದುಕೊಂಡರು. ಮಣ್ಣಾದ ಮೇಲೆ ಯಂಕವ್ವ ಮಾಳಪ್ಪನನ್ನು ಹಿತ್ತಲಿಗೆ ಕರೆದಳು. ಬೈಯುತ್ತಾಳೆ, ಎದೆಗೆ ಗುದ್ದುತ್ತಾಳೆ ಎಂದುಕೊಂಡು ಅವನು ಹೋದ. ಗುದ್ದಿದ್ದರೆ ಒಳ್ಳೆಯದಿತ್ತು.

"ಅಣ್ಣಾ, ನೀ ಯಾರ ಮುಂದನೂ ಹೇಳಿಲ್ಲಲ್ಲ?" ಎಂದಳು. ಅತ್ತು ಅತ್ತು ಅವಳ ದನಿ ಉಡುಗಿಹೋಗಿತ್ತು. "ಸಣ್ಣಾಕಿ ಅದಾಳ. ಅಕ್ಕಗ ಹಿಂಗಿತ್ತು ಅಂತ ಗೊತ್ತಾದ್ರ ಈಕಿನ್ನೂ ಯಾರೂ ಮಾಡ್ಕೊಳ್ಳೂದಿಲ್ಲ. ಹೋದಾಕಿ ಹ್ವಾದ್ಲು. ಈಕೀನರ ಉಳೀಲಿ."

"ಹೇಳಿಲ್ಲ ತಂಗಿ" ಎಂದ ಮಾಳಪ್ಪ.

ಮಹೆಕ ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಬಂದಳು. ಹೊಂಡದಕೊಪ್ಪಕ್ಕೆ ಹೋಗಿ ಯಂಕವ್ವನ ಮುಂದೆ ನೆಲದ ಮೇಲೆ ಕೂತು ಎದ್ದು ಬಂದು, ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದಳು. ಮಾಳಪ್ಪ ಹಿಂದೆ ನಡೆದ. ನಡುವೆ ಒಂದು ಕಡೆ ಅವಳು ನಿಂತಳು.

"ಕಾಕಾ, ಇಷ್ಟು ಅಗಲ ರಸ್ತೆ ಐತಿ. ಹುಟ್ಟಿದಾಗಿಂದ ಇದ ಊರಾಗ ಓಡ್ಯಾಡಿದ ಹುಡಿಗಿ. ಹೆಂಗ ಜಾರಿತು ಕಾಲು?" ಅವಳ ಕಣ್ಣು ಕೆಂಪಾಗಿತ್ತು. "ನಾ ಏನರ ಬಿಟ್ಟೇನೇನ್ರಿ? ಆ ಸ್ಟಾಪ್ ತಗೀಬಾರದಿತ್ತೇನು? ಬೈರಿ ನನ್ನ, ಆದ್ರ ಖರೇ ಹೇಳ್ರಿ."

ಹೇಳಬೇಕಾದದ್ದು ಒಂದೇ ಒಂದು ಮಾತು. ಅದನ್ನು ಹೇಳಿದರೆ ಈ ಹುಡುಗಿ ತಾನೇ ಕೊಂದೆ ಎಂಬ ಅಂಜಿಕೆಯಿಂದ ಬಿಡುಗಡೆಯಾಗುತ್ತಾಳೆ, ಅವನೂ ಆಗುತ್ತಾನೆ. ಆದರೆ ಹಿತ್ತಲಲ್ಲಿ ಕೊಟ್ಟ ಮಾತಿಗೆ ಇನ್ನೂ ಮೂರು ದಿನ ಆಗಿರಲಿಲ್ಲ.

"ನಿಮ್ಮ ತಪ್ಪು ಏನೂ ಇಲ್ರಿ ಮೇಡಮ್ಮಾರ. ಮಂಜಿತ್ತು. ಕಾಲು ಜಾರೈತಿ."

ಅವಳು ಚೀಲದಿಂದ ಟೇಪು ತೆಗೆದು ರಸ್ತೆಯ ಅಂಚನ್ನು ಅಳೆದಳು. ತಿಂಗಳೊಳಗೆ ಕಂಪನಿಯಿಂದ ಪಂಚಾಯಿತಿಗೆ ಪತ್ರ ಬರೆಸಿ ಏರಿಯ ಉದ್ದಕ್ಕೂ ಕಬ್ಬಿಣದ ಕಂಬ ನೆಡಿಸಿದಳು. ಯಾರ ಕಾಲೂ ಜಾರಬಾರದೆಂದು ಅವಳು ಅಷ್ಟು ಓಡಾಡಿದ್ದನ್ನು ನೋಡಿ ಮಾಳಪ್ಪನಿಗೆ ಕಣ್ಣಲ್ಲಿ ನೀರು ಬಂತು. ಕಂಬಗಳ ನಡುವೆ ಒಬ್ಬ ಮನುಷ್ಯ ಉರುಳಿ ಹೋಗುವಷ್ಟು ಜಾಗ ಇತ್ತು. ಎಡವಿದವನು ಕೈಯಿಂದ ಹಿಡಿದುಕೊಳ್ಳಲು ನೆಟ್ಟ ಕಂಬಗಳು ಅವು. ಎಚ್ಚರ ತಪ್ಪಿ ಬೀಳುವವರ ವಿಚಾರ ಅವಳಿಗೆ ಯಾರೂ ಹೇಳಿರಲಿಲ್ಲ.

ಸತ್ತವರ ಮನೆಯ ಒಬ್ಬರಿಗೆ ಕೆಲಸ ಕೊಡುವ ವಾಡಿಕೆ ಫ್ಯಾಕ್ಟರಿಯಲ್ಲಿತ್ತು. ಸಂಕ್ರಾಂತಿಯ ಮರುವಾರ ಸುಜಾತಾ ಕೆಲಸಕ್ಕೆ ಸೇರಿದಳು. ಯಂಕವ್ವ ಕ್ರಾಸಿನವರೆಗೆ ಬಂದು, ಬಸ್ಸಿನ ಬಾಗಿಲ ಹತ್ತಿರ ನಿಂತು, ಮಾಳಪ್ಪನ ಮುಖ ನೋಡದೆ, "ಈಕಿಗೆ ಏನೂ ಇಲ್ಲೋ ಯಣ್ಣಾ. ನಾಳಿಂದ ಒಬ್ಬಾಕಿನ ಬರ್ತಾಳ. ನನಗ ಆ ಏರಿ ಮ್ಯಾಲೆ ಕಾಲಿಡಾಕ ಆಗವಲ್ದು" ಎಂದಳು.

ಹುಡುಗಿ ಹತ್ತಿದಳು. ಮಾಳಪ್ಪ ನೋಡಬಾರದೆಂದುಕೊಂಡರೂ ಕಣ್ಣು ಹಳೆಯ ಚಟದಂತೆ ಕೆಳಗಿಳಿಯಿತು. ಬಲಗಾಲು ಮೆಟ್ಟಿಲ ಮೇಲೆ ಬಂತು. ಹಿಮ್ಮಡಿಯ ಮೇಲೆ ಎರಡು ಗೆರೆ, ಅಡ್ಡಡ್ಡ.

ಅಕ್ಕನಿಗೆ ಹಾಕಿಸುವಾಗ ಮುಂಜಾಗ್ರತೆಗೆಂದು ತಂಗಿಗೂ ಹಾಕಿಸಿರಬಹುದು ಎಂದು ಅವನು ಇಡೀ ದಿನ ತನಗೆ ತಾನೇ ಹೇಳಿಕೊಂಡ. ಸಂಜೆಯವರೆಗೂ ಹೇಳಿಕೊಂಡರೂ ನಂಬಿಕೆ ಬರಲಿಲ್ಲ. ಮಧ್ಯಾಹ್ನ ಮಹೆಕಳಿಗೆ ಫೋನು ಹಚ್ಚಿದ. ಅವಳು "ಹೇಳ್ರಿ ಕಾಕಾ" ಎಂದಾಗ ಅವನ ಬಾಯಿಂದ ಬಂದದ್ದು, "ಏನಿಲ್ರಿ, ಆರಾಮ ಅದೀರಿಲ್ಲ ಅಂತ ಕೇಳಾಕ ಹಚ್ಚಿದ್ದೆ" ಎಂಬ ಮಾತು.

ಮರುದಿನ ಬೆಳಿಗ್ಗೆ ಬಸ್ಸು ಹೊಂಡದಕೊಪ್ಪಕ್ಕೆ ಬಂತು. ಸುಜಾತಾ ಹೆಗಲಿಗೆ ಚೀಲ ಹಾಕಿಕೊಂಡು ಹುಣಸೆಮರದಿಂದ ಏರಿಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು.

"ನಿಂದರಸು" ಎಂದ ಮಾಳಪ್ಪ.

ಖಾದರಸಾಬ ಬ್ರೇಕು ಹಾಕಿದ. ಬಾಗಿಲು ತೆರೆಯಿತು, ಟ್ಯಾಬು ಕೂಗಿತು, ಕಾರಣಗಳು ಮೂಡಿದವು. ಹುಡುಗಿ ಬೆರಗಾಗಿ ತಿರುಗಿ ನೋಡಿ, ಓಡಿ ಬಂದು ಹತ್ತಿದಳು. ಮಾಳಪ್ಪನ ಬೆರಳು ಗಾಳಿಯಲ್ಲೇ ನಿಂತಿತ್ತು. ಯಾವ ಕಾರಣ ಒತ್ತಿದರೂ ಅದು ಸುಳ್ಳು, ನಿಜವಾದದ್ದಕ್ಕೆ ಅಲ್ಲಿ ಜಾಗವಿರಲಿಲ್ಲ. ಆ ಜಾಗ ಮಾಡಬೇಕಾಗಿದ್ದವನು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ಖಾದರಸಾಬ ಅವನ ಕೈ ಸರಿಸಿ, ತಾನೇ 'ಚಾಲಕರ ಆರೋಗ್ಯ' ಒತ್ತಿದ. ಕೂಗು ನಿಂತಿತು.

"ಒಂದಾತು" ಎಂದು ಗೇರು ಹಾಕಿದ. "ಇನ್ನ ಎರಡು ಅದಾವು. ಅದರೊಳಗ ಆ ಮಹೆಕಗ ಫೋನ್ ಹಚ್ಚಿ ಹೇಳತೀಯೋ, ನನ್ನನ್ನ ಮನಿಗೆ ಕಳಸ್ತೀಯೋ, ನೋಡು."

ಮಾಳಪ್ಪ ಜೇಬಿನಲ್ಲಿದ್ದ ಫೋನನ್ನು ಮುಟ್ಟಿಕೊಂಡ. ಬಸ್ಸು ಏರಿ ಹತ್ತಿತು. ಅವನು ನೀರಿನ ಕಡೆ ನೋಡಲಿಲ್ಲ, ಮುಂದಿನ ಸೀಟಿನಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತ ಹುಡುಗಿಯ ಕಾಲು ನೋಡುತ್ತ ಕ್ರಾಸಿನವರೆಗೆ ಹೋದ.